ಬಲ್ಲ ಕೈ, ನಂಬಬಹುದಾದ ಕೈ

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಅಂತ್ಯಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಅನುಚರರ ಮೇಲೂ ಅವನ ಅನುಗ್ರಹವೂ ಶಾಂತಿಯೂ ಇರಲಿ.

ಹುಟ್ಟೂರನ್ನು ತೊರೆದು ಬರಿಗೈಯಲ್ಲಿ ಅಪರಿಚಿತ ನೆಲಕ್ಕೆ ಬಂದು ನಿಂತವರಲ್ಲಿ ಪ್ರವಾದಿ ಮೂಸಾ(ಅ) ಕೂಡ ಒಬ್ಬರು. ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯದಲ್ಲಿ ಆ ವೃತ್ತಾಂತವಿದೆ. ಈಜಿಪ್ಟಿನಿಂದ ಹೊರಟು ಮದ್‌ಯನ್ ತಲುಪಿದ ಅವರು, ನೀರಿಗಾಗಿ ದೂರ ಸರಿದು ಕಾದಿದ್ದ ಇಬ್ಬರು ಹೆಣ್ಣುಮಕ್ಕಳ ಜಾನುವಾರುಗಳಿಗೆ ನೀರುಣಿಸಿದರು. ಬಳಿಕ ಆ ಸೋದರಿಯರಲ್ಲೊಬ್ಬರು ಈತನನ್ನು ಕೆಲಸಕ್ಕೆ ಇರಿಸಿಕೊಳ್ಳುವಂತೆ ತಂದೆಗೆ ಸಲಹೆ ನೀಡಿದರು. ಆಕೆ ಕೊಟ್ಟ ಕಾರಣಗಳು ಎರಡು. ಈತ ಶಕ್ತ, ಈತ ನಂಬಿಗಸ್ಥ. ಅರಬಿಯ ಮೂಲದಲ್ಲಿ ಕವಿಯ್ಯ್ ಮತ್ತು ಅಮೀನ್ ಎಂಬ ಪದಗಳಿವೆ. ಅನಂತರ ಎಂಟು ವರ್ಷಗಳ ದುಡಿಮೆ, ಇಚ್ಛೆಯಿದ್ದರೆ ಹತ್ತು ವರ್ಷ ಎಂಬ ಸ್ಪಷ್ಟ ಒಪ್ಪಂದವೂ ಏರ್ಪಟ್ಟಿತು.

ಶಕ್ತ ಎಂದರೆ ತೋಳ್ಬಲವುಳ್ಳವನು ಎಂದಷ್ಟೇ ತಿಳಿಯಬಾರದು. ಆಯಾ ಕೆಲಸಕ್ಕೆ ಬೇಕಾದ ಸಾಮರ್ಥ್ಯವೇ ಆ ಕೆಲಸದ ಶಕ್ತಿಯೆಂದು ವಿದ್ವಾಂಸರು ವಿವರಿಸುತ್ತಾರೆ. ಕೆಲಸ ಬಲ್ಲವನು ನಂಬಿಗಸ್ಥನಲ್ಲದಿದ್ದರೆ ಮಾಲಿಕನಿಗೆ ಕೇಡು. ನಂಬಿಗಸ್ಥನು ಕೆಲಸ ಬಲ್ಲವನಾಗದಿದ್ದರೆ ಮಾಲಿಕನಿಗೂ ಕೇಡು, ಅವನಿಗೂ ಕೇಡು. ಪರದೇಶಿಯೊಬ್ಬನಿಗೆ ಕೆಲಸ ಕೊಡುವವರು ಕೇಳಬೇಕಾದ ಪ್ರಶ್ನೆಗಳು ಇಂದಿಗೂ ಈ ಎರಡೇ ಆಗಿವೆ. ಇವುಗಳಿಗೆ ಉತ್ತರಿಸಲು ಸಿದ್ಧನಾದ ಒಬ್ಬ ಯುವಕನ ಅನುಭವವನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿ ಇದನ್ನು ಬರೆಯುತ್ತಿದ್ದೇವೆ.

ನಮ್ಮ ತಂದೆಯಂದಿರ ಕಾಲದಲ್ಲಿ ಕೊಲ್ಲಿ ರಾಷ್ಟ್ರಗಳಿಗೆ ಹೊರಟವರ ಕೈಯ ಕೆಲಸವನ್ನು ಪರೀಕ್ಷಿಸುವವರು ವಿರಳವಾಗಿದ್ದರು. ಮಾವನೋ ಭಾವನೋ ಕಳುಹಿಸಿದ ವೀಸಾ, ಒಂದು ಪೆಟ್ಟಿಗೆ, ತಾಯಿಯ ದುಆ, ಇಷ್ಟರಲ್ಲಿ ಪಯಣ ಸಾಗುತ್ತಿತ್ತು. ಕೆಲಸವನ್ನು ಅಲ್ಲಿಗೆ ಹೋಗಿ ಕಲಿಯುತ್ತಿದ್ದರು. ಈಗ ಕಾಲ ಬದಲಾಗಿದೆ. ಸೌದಿ ಅರೇಬಿಯವೂ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಮುಂತಾದವರ ಕೌಶಲವನ್ನು ಭಾರತದಲ್ಲಿಯೇ ಪರೀಕ್ಷಿಸುವ ವ್ಯವಸ್ಥೆಯನ್ನು ಆರಂಭಿಸಿದೆ. ಆಸ್ಟ್ರೇಲಿಯಕ್ಕೆ ವಲಸೆ ಹೋಗಲಿಚ್ಛಿಸುವ ಎಲೆಕ್ಟ್ರಿಷಿಯನ್ ಹಾದುಹೋಗಬೇಕಾದ ದಾರಿಯಂತೂ ಇನ್ನೂ ದೀರ್ಘವಾದದ್ದು. ಅಲ್ಲಿನ ಸರ್ಕಾರದ ಅಧೀನದಲ್ಲಿರುವ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯ ಎಂಬ ವಿಭಾಗವು ಇದಕ್ಕೆ ಹೊಣೆಯಾಗಿದೆ. ಅದು ಒಪ್ಪಿಗೆ ನೀಡಿದ ತರಬೇತಿ ಸಂಸ್ಥೆಗಳು ಮೊದಲು ಕಾಗದಪತ್ರಗಳನ್ನು ಪರಿಶೀಲಿಸುತ್ತವೆ. ಬಳಿಕ ತಾಂತ್ರಿಕ ಸಂದರ್ಶನ, ಪ್ರಾಯೋಗಿಕ ಪರೀಕ್ಷೆ. ಕಾಗದ ಹೇಳುವುದನ್ನು ನಾಲಗೆಯೂ ಹೇಳಬೇಕು, ನಾಲಗೆ ಹೇಳುವುದನ್ನು ಕೈಯೂ ಮಾಡಿ ತೋರಿಸಬೇಕು.

ನಮ್ಮ ಮದ್ರಸದಲ್ಲಿ ಕಲಿತು, ಐಟಿಐಯಲ್ಲಿ ಎರಡು ವರ್ಷಗಳ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿ, ಊರಿನ ಗುತ್ತಿಗೆದಾರರೊಬ್ಬರ ಬಳಿ ದುಡಿದು, ಆಮೇಲೆ ಸೌದಿಯಲ್ಲಿ ಆರು ವರ್ಷ ಇದ್ದು ಮರಳಿದ ಯುವಕನೊಬ್ಬ ಈ ಪರೀಕ್ಷೆಗೆ ಸಿದ್ಧನಾಗತೊಡಗಿದ. ಮನೆಯ ಹಿಂದಿನ ಅಡಿಕೆ ಶೆಡ್ಡಿನಲ್ಲಿ ಪ್ಲೈವುಡ್ ಹಲಗೆ ನಿಲ್ಲಿಸಿ, ಅದರ ಮೇಲೆ ಡಿಬಿ ಪೆಟ್ಟಿಗೆ, ಎಂಸಿಬಿ, ಆರ್‌ಸಿಸಿಬಿ, ಎರಡು ಕಡೆಯಿಂದ ಹಾಕಿ ಆರಿಸುವ ದೀಪ, ಪಂಪಿನ ಮೋಟಾರು, ಅದರ ಸ್ಟಾರ್ಟರ್ ಎಲ್ಲವನ್ನೂ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸುತ್ತಿದ್ದ. ಕೈಗೆ ಕೆಲಸ ಗೊತ್ತಿತ್ತು. ಆದರೆ ಸಂದರ್ಶನ ಇಂಗ್ಲಿಷಿನಲ್ಲಿ, ಮತ್ತು ಅಲ್ಲಿ ಕೇಳುವುದು ಏಕೆ ಎಂದು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಸೌದಿಯ ಕೆಲಸದ ತಾಣದಲ್ಲಿ ಹಿಂದಿ ಆಡಿದವನಿಗೆ, ಕೈ ಬಲ್ಲದ್ದನ್ನು ನಾಲಗೆ ಹೇಳಲಾರದ ಸಂಕಟ ಎದುರಾಯಿತು. "ಉಸ್ತಾದ್, ಇಶಾ ನಮಾಝಿನ ನಂತರ ಅರ್ಧ ಗಂಟೆ ಕುಳಿತು ನಾನು ಹೇಳುವುದನ್ನು ಕೇಳುತ್ತೀರಾ?" ಎಂದು ಅವನು ಬಂದ.

ವಿದ್ಯುತ್ತಿನ ಬಗ್ಗೆ ನಾವು ಏನು ಬಲ್ಲೆವು? ಆದರೂ ಒಪ್ಪಿದೆವು. ದರ್ಸ್‌ನಲ್ಲಿ ಓದುತ್ತಿದ್ದ ದಿನಗಳಲ್ಲಿ ಪಾಠ ಮುಗಿದ ಮೇಲೆ ಇಬ್ಬಿಬ್ಬರು ಎದುರುಬದುರು ಕುಳಿತು, ಕೇಳಿದ ಪಾಠವನ್ನು ಒಬ್ಬ ಇನ್ನೊಬ್ಬನಿಗೆ ಮರಳಿ ಹೇಳುವ ಪದ್ಧತಿಯಿತ್ತು. ಅದಕ್ಕೆ ತಕ್ರಾರ್ ಎಂದು ಹೆಸರು. ಅರಬಿಯಲ್ಲಿ ಆ ಪದಕ್ಕೆ ಪುನರಾವರ್ತನೆ ಎಂದರ್ಥ, ಕನ್ನಡಕ್ಕೆ ಬಂದು ತಕರಾರು ಆದಾಗ ಆಕ್ಷೇಪವೆಂಬ ಅರ್ಥ ಬಂದಿತು. ನಮ್ಮ ಆ ರಾತ್ರಿಯ ಕೂಟಗಳಲ್ಲಿ ಎರಡೂ ಇದ್ದವು. ಅವನು ಹೇಳುತ್ತಿದ್ದ, ನಾವು ಏಕೆ ಎಂದು ಕೇಳುತ್ತಿದ್ದೆವು. ಮೊದಲು ಕನ್ನಡದಲ್ಲಿ, ಅದು ಸರಿಯಾದ ಮೇಲೆ ಇಂಗ್ಲಿಷಿನಲ್ಲಿ. ಕೆಲವೇ ದಿನಗಳಲ್ಲಿ ಒಂದು ಸಂಗತಿ ನಮ್ಮಿಬ್ಬರಿಗೂ ಮನದಟ್ಟಾಯಿತು. ಅವನ ಇಂಗ್ಲಿಷ್ ಎಡವುತ್ತಿದ್ದ ಕಡೆಗಳಲ್ಲೆಲ್ಲ ಕನ್ನಡದಲ್ಲಿಯೂ ಕಾರಣ ತಿಳಿದಿರಲಿಲ್ಲ. ಕಾರಣ ತಿಳಿದ ಕಡೆ ಮುರುಕು ಇಂಗ್ಲಿಷೂ ನೇರವಾಗಿ ನಿಲ್ಲುತ್ತಿತ್ತು.

ಮೊದಲ ವಾರ ಪೂರ್ತಿ ಒಂದೇ ಪಾಠ ನಡೆಯಿತು. ಕೆಲಸ ಮಾಡಬೇಕಾದ ಜಾಗದಲ್ಲಿ ವಿದ್ಯುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ ಎಂಬುದೇ ಆ ಪಾಠ. ನಮ್ಮ ಮನೆಗಳಲ್ಲಿ ಕಂಡ ರೀತಿ ಬೇರೆ. ವೈರ್‌ಮನ್ ಬಂದು ಟೆಸ್ಟರ್ ಸ್ಕ್ರೂಡ್ರೈವರನ್ನು ತಂತಿಗೆ ತಾಗಿಸುತ್ತಾನೆ. ಅದರೊಳಗಿನ ಪುಟ್ಟ ದೀಪ ಹೊತ್ತಲಿಲ್ಲವೆಂದರೆ ಕೈ ಹಾಕುತ್ತಾನೆ. ಹಗಲ ಬೆಳಕಿನಲ್ಲಿ ಆ ದೀಪ ಕಾಣದಿರಬಹುದು, ಕೆಟ್ಟಿರಲೂಬಹುದು. ಪರೀಕ್ಷೆಯಲ್ಲಿ ಬೇಕಾದ ಕ್ರಮವನ್ನು ಅವನು ಬೆರಳೆಣಿಸಿ ಹೇಳುತ್ತಿದ್ದ. ಸರಿಯಾದ ಸರ್ಕ್ಯೂಟನ್ನು ಗುರುತಿಸಬೇಕು. ಸ್ವಿಚ್ ಆರಿಸಿ ಅದಕ್ಕೆ ಬೀಗ ಜಡಿಯಬೇಕು. ತನ್ನ ಹೆಸರಿನ ಚೀಟಿಯನ್ನು ತೂಗುಹಾಕಿ, ಬೀಗದ ಕೈಯನ್ನು ತನ್ನ ಕಿಸೆಯಲ್ಲಿಯೇ ಇಟ್ಟುಕೊಳ್ಳಬೇಕು, ಏಕೆಂದರೆ ಕರೆಂಟ್ ಹೋಯಿತೆಂದು ಭಾವಿಸಿ ಮನೆಯವರಾರೋ ಬಂದು ಸ್ವಿಚ್ ಹಾಕಿಬಿಡಬಹುದು. ಆಮೇಲೆ ಎರಡು ಮೊನೆಯ ಮಾಪಕವನ್ನು ಮೊದಲು ವಿದ್ಯುತ್ ಇದೆಯೆಂದು ಗೊತ್ತಿರುವ ಜಾಗದಲ್ಲಿ ಹಿಡಿದು, ಅದು ಸರಿಯಾಗಿದೆಯೆಂದು ನೋಡಬೇಕು. ಅನಂತರ ಕೆಲಸದ ತಂತಿಗಳಲ್ಲಿ ಫೇಸ್, ನ್ಯೂಟ್ರಲ್, ಅರ್ಥಿಂಗ್ ಮೂರನ್ನೂ ಜೋಡಿ ಜೋಡಿಯಾಗಿ ಪರೀಕ್ಷಿಸಬೇಕು. ಕೊನೆಗೆ ಮಾಪಕವನ್ನು ಮತ್ತೊಮ್ಮೆ ವಿದ್ಯುತ್ ಇರುವ ಜಾಗದಲ್ಲಿ ಹಿಡಿದು ನೋಡಬೇಕು.

"ಮೊದಲೇ ನೋಡಿದ್ದಾಯಿತಲ್ಲ, ಮತ್ತೇಕೆ?" ಎಂದು ಕೇಳಿದೆವು.

"ನಡುವೆ ಮಾಪಕವೇ ಕೆಟ್ಟಿದ್ದರೆ, ಉಸ್ತಾದ್? ಇಲ್ಲ ಎಂದು ಅದು ಹೇಳಿದ್ದು ಸುಳ್ಳಾಗಿದ್ದರೆ?"

ಆ ಉತ್ತರ ಕೇಳಿ ನಮಗೆ ಹದೀಸ್ ಶಾಸ್ತ್ರದ ಪಾಠವೇ ನೆನಪಾಯಿತು. ವರದಿಯನ್ನು ಸ್ವೀಕರಿಸುವ ಮೊದಲು ವರದಿಗಾರನನ್ನು ಪರಿಶೀಲಿಸಬೇಕೆಂಬುದು ಹದೀಸ್ ವಿದ್ವಾಂಸರ ನಿಯಮ. ಅವನಲ್ಲಿ ಎರಡು ಗುಣಗಳಿರಬೇಕು. ಒಂದು ನೈತಿಕ ಪ್ರಾಮಾಣಿಕತೆ, ಇನ್ನೊಂದು ಕೇಳಿದ್ದನ್ನು ತಪ್ಪಿಲ್ಲದೆ ಉಳಿಸಿಕೊಳ್ಳುವ ನಿಖರತೆ. ಮದ್‌ಯನ್‌ನ ಆ ಸೋದರಿ ಹೇಳಿದ ಎರಡು ಗುಣಗಳೇ ಇಲ್ಲಿ ಮತ್ತೊಂದು ವೇಷದಲ್ಲಿ ಕಾಣಿಸುತ್ತವೆ. ಅಷ್ಟೇ ಅಲ್ಲ, ಮೊದಲು ವಿಶ್ವಾಸಾರ್ಹನಾಗಿದ್ದು ವೃದ್ಧಾಪ್ಯದಲ್ಲಿ ನೆನಪು ಕದಡಿಹೋದ ವರದಿಗಾರರೂ ಇದ್ದರು. ಅಂಥವರಿಂದ ಯಾರು ಆ ಮೊದಲು ಕೇಳಿದರು, ಯಾರು ಆ ಬಳಿಕ ಕೇಳಿದರು ಎಂಬುದನ್ನು ಕೂಡ ವಿದ್ವಾಂಸರು ಬೇರ್ಪಡಿಸಿ ದಾಖಲಿಸಿದರು. ನಡುವೆ ಕೆಟ್ಟ ಮಾಪಕದ ಮಾತನ್ನು ನಂಬದಿರುವುದು ಅದೇ ಎಚ್ಚರ. ಇದನ್ನು ಹೇಳಿದಾಗ ಯುವಕ ನಕ್ಕ. ಆದರೆ ಅಂದಿನಿಂದ ಆ ಎರಡನೆಯ ಪರೀಕ್ಷೆಯನ್ನು ಅವನು ಒಮ್ಮೆಯೂ ಮರೆಯಲಿಲ್ಲ.

ಜೋಡಿಸಿದ ಕೆಲಸವನ್ನು ಪರೀಕ್ಷಿಸುವುದರಲ್ಲಿಯೂ ಒಂದು ಕ್ರಮವಿದೆ. ಮೊದಲು ಕಣ್ಣಿನಿಂದ ಪರಿಶೀಲನೆ. ಆಮೇಲೆ ಅರ್ಥಿಂಗ್ ತಂತಿ ಎಲ್ಲಿಯೂ ಕಡಿಯದೆ ಸಾಗಿದೆಯೇ ಎಂಬ ಪರೀಕ್ಷೆ. ಬಳಿಕ ತಂತಿಗಳ ಹೊದಿಕೆ ಗಟ್ಟಿಯಾಗಿದೆಯೇ ಎಂದು ಮೆಗ್ಗರ್‌ನಿಂದ 500 ವೋಲ್ಟ್ ಕೊಟ್ಟು ನೋಡುವುದು. ಅಲ್ಲಿ ಕನಿಷ್ಠ ಒಂದು ಮೆಗಾ ಓಮ್ ರೋಧ ಸಿಗಬೇಕು. ಅನಂತರ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿಲ್ಲವೆಂದು ಖಚಿತಪಡಿಸಬೇಕು. ಇಷ್ಟೆಲ್ಲ ಮುಗಿದ ಮೇಲೆಯೇ ವಿದ್ಯುತ್ ಹರಿಸಿ ಉಳಿದ ಪರೀಕ್ಷೆಗಳು. ಅರ್ಥಿಂಗ್ ಏಕೆ ಮೊದಲು? ಅದೇ ಸರಿಯಿಲ್ಲದಿದ್ದರೆ ಮುಂದೆ ವಿದ್ಯುತ್ ಹರಿಸಿ ಮಾಡುವ ಪರೀಕ್ಷೆಗಳು ಪರೀಕ್ಷಿಸುವವನ ಪ್ರಾಣಕ್ಕೇ ಎರವಾಗಬಹುದು. ವುಝೂವಿನಲ್ಲಿ ಮುಖ, ಕೈ, ತಲೆ, ಕಾಲು ಎಂಬ ಕ್ರಮವನ್ನು ಶಾಫಿ ಮದ್‌ಹಬ್‌ನಲ್ಲಿ ಕಡ್ಡಾಯವೆಂದು ಕಲಿತು ಬೆಳೆದವನಿಗೆ, ಕ್ರಮವೂ ಕರ್ಮದ ಒಂದು ಭಾಗವೆಂದು ವಿವರಿಸುವ ಅಗತ್ಯ ಬೀಳಲಿಲ್ಲ.

ಅವನನ್ನು ಹೆಚ್ಚು ದಿನ ಕಾಡಿದ್ದು ದೇಶದೇಶಗಳ ಭೇದ. ಭಾರತದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಸೌದಿಯಲ್ಲಿ 60 ಹರ್ಟ್ಸ್. ನಮ್ಮಲ್ಲಿ ಮೂರು ಫೇಸ್‌ಗಳಿಗೆ ಕೆಂಪು, ಹಳದಿ, ನೀಲಿ; ನ್ಯೂಟ್ರಲ್ ಕಪ್ಪು. ಐರೋಪ್ಯ ಪದ್ಧತಿಯಲ್ಲಿ ಕಂದು, ಕಪ್ಪು, ಬೂದು ಫೇಸ್; ನೀಲಿ ನ್ಯೂಟ್ರಲ್. ಆಸ್ಟ್ರೇಲಿಯದಲ್ಲಿ ಕಪ್ಪು ಅಥವಾ ತಿಳಿನೀಲಿ ನ್ಯೂಟ್ರಲ್. ಒಂದೆಡೆ ಕೊಲ್ಲುವ ಬಣ್ಣ ಇನ್ನೊಂದೆಡೆ ನಿರುಪದ್ರವಿ! ಹೀಗಾಗಿ ಬಣ್ಣವನ್ನು ನಂಬಬೇಡ, ಪರೀಕ್ಷಿಸಿ ನೋಡು ಎಂಬುದು ಅವನ ಬಾಯಿಪಾಠವಾಯಿತು.

ಅರ್ಥಿಂಗ್‌ನ ವಿಚಾರ ಇನ್ನೂ ಸೂಕ್ಷ್ಮವಾದದ್ದು. ನಮ್ಮ ಮನೆಗಳಲ್ಲಿ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಉಪ್ಪು ಮತ್ತು ಇದ್ದಿಲು ತುಂಬಿ ನೀರೆರೆಯುತ್ತೇವೆ. ಮನೆಯೊಳಗೆ ನ್ಯೂಟ್ರಲ್ ಮತ್ತು ಅರ್ಥಿಂಗ್ ತಂತಿಗಳನ್ನು ಬೆಸೆದರೆ ಅದು ದೋಷ. ಆಸ್ಟ್ರೇಲಿಯದ ಮನೆಯ ಮುಖ್ಯ ಸ್ವಿಚ್‌ಬೋರ್ಡಿನಲ್ಲಿಯಾದರೋ ಇವೆರಡನ್ನೂ ನಿಯಮದ ಪ್ರಕಾರವೇ ಒಂದು ಕೊಂಡಿಯಿಂದ ಬೆಸೆದಿರುತ್ತಾರೆ. ಅಲ್ಲಿನ ಎಎಸ್/ಎನ್‌ಜಡ್‌ಎಸ್ 3000 ಎಂಬ ವೈರಿಂಗ್ ನಿಯಮಾವಳಿ ವಿಧಿಸುವ ಪದ್ಧತಿ ಅದು. ಯಂತ್ರದ ಮೈಗೆ ವಿದ್ಯುತ್ ಸೋರಿದರೆ ಆ ಕೊಂಡಿಯ ಮೂಲಕ ಭಾರೀ ಪ್ರವಾಹ ಹಿಂದಿರುಗಿ, ಎಂಸಿಬಿ ಕ್ಷಣಮಾತ್ರದಲ್ಲಿ ಬೀಳುತ್ತದೆ. ಇಲ್ಲಿ ನಿಷಿದ್ಧವಾದದ್ದು ಅಲ್ಲಿ ಕಡ್ಡಾಯ ಹೇಗಾಯಿತೆಂದು ಅವನು ಗೊಂದಲಗೊಂಡಿದ್ದ. ನಾವು ಸುಬ್‌ಹ್ ನಮಾಝಿನ ಕುನೂತ್‌ನ ಉದಾಹರಣೆ ಕೊಟ್ಟೆವು. ಕರಾವಳಿಯ ಶಾಫಿಗಳು ಅದನ್ನು ಓದುತ್ತಾರೆ, ಘಟ್ಟದ ಮೇಲಿನ ಹನಫಿಗಳು ಓದುವುದಿಲ್ಲ. ಎರಡೂ ಮದ್‌ಹಬ್‌ಗಳ ಬೇರು ಒಂದೇ, ಕ್ರಮ ಬೇರೆ. ಎರಡರಿಂದಲೂ ಅರ್ಧರ್ಧ ಎತ್ತಿಕೊಂಡು ಕಲಸುಮೇಲೋಗರ ಮಾಡುವವನ ಕರ್ಮ ಯಾವ ಮದ್‌ಹಬ್‌ನಲ್ಲಿಯೂ ನಿಲ್ಲದೆ ಹೋಗಬಹುದು. ಸೋರಿದ ವಿದ್ಯುತ್ತು ಮನುಷ್ಯನ ಮೈಯನ್ನು ದಾರಿ ಮಾಡಿಕೊಳ್ಳಬಾರದೆಂಬುದು ಎರಡೂ ದೇಶಗಳ ಗುರಿ. ಯಾವ ದೇಶದಲ್ಲಿ ಕೆಲಸ ಮಾಡುತ್ತೇವೆಯೋ ಆ ದೇಶದ ವಿಧಾನವನ್ನು ಪೂರ್ತಿಯಾಗಿ ಪಾಲಿಸಬೇಕು.

ಹೊಸದನ್ನು ಕಲಿಯುವುದಕ್ಕಿಂತ ಹಳೆಯದನ್ನು ಬಿಡುವುದು ಕಷ್ಟವಾಯಿತು. ತಂತಿಯ ಹೊದಿಕೆಯನ್ನು ಹಲ್ಲಿನಿಂದ ಸುಲಿಯುವ ಅಭ್ಯಾಸ ಅವನಿಗಿತ್ತು. ಮೇನ್ ಆರಿಸದೆ ಮರದ ಸ್ಟೂಲಿನ ಮೇಲೆ ನಿಂತು ಕೆಲಸ ಮಾಡುವುದನ್ನು ನಮ್ಮ ಊರುಗಳಲ್ಲಿ ಧೈರ್ಯವೆಂದೇ ಎಣಿಸುತ್ತಾರೆ. ಪರೀಕ್ಷಕರ ಮುಂದೆ ಅದು ಧೈರ್ಯವಲ್ಲ, ಅನರ್ಹತೆ. ಪ್ರಾಣವೂ ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟ ಅಮಾನತ್. ತನ್ನನ್ನು ತಾನೇ ವಿನಾಶಕ್ಕೆ ತಳ್ಳಬಾರದೆಂಬ ಆಜ್ಞೆ ಕುರ್‌ಆನಿನಲ್ಲಿದೆ. ಅವಸರದ ಆ ಐದು ನಿಮಿಷಗಳಿಗಾಗಿ ಅದನ್ನು ಪಣಕ್ಕಿಡುವವನು ಯಾವ ಲೆಕ್ಕ ಒಪ್ಪಿಸಿಯಾನು?

ಈ ಅಭ್ಯಾಸದಿಂದ ನಮ್ಮ ಮಸೀದಿಗೆ ಆದ ಉಪಕಾರವನ್ನು ಇಲ್ಲಿ ಹೇಳಲೇಬೇಕು. ಅಡಿಕೆ ಶೆಡ್ಡಿನ ಹಲಗೆ ಸಾಲದೆ, ನಿಜವಾದ ಕಟ್ಟಡವೊಂದರಲ್ಲಿ ಪರೀಕ್ಷೆಯ ಅಭ್ಯಾಸ ಮಾಡಲು ಅವನು ಕಮಿಟಿಯ ಅನುಮತಿ ಕೇಳಿದ. ಒಂದು ಬೆಳಿಗ್ಗೆ ಮೇನ್ ಆರಿಸಿ, ಬೀಗ ಜಡಿದು, ವುಝೂ ಮಾಡುವ ಜಾಗದ ಪಕ್ಕದಲ್ಲಿರುವ ವಾಟರ್ ಕೂಲರಿನಿಂದ ತೊಡಗಿದ. ಕೂಲರಿನ ಪ್ಲಗ್ಗಿಗೆ ಮೂರು ಪಿನ್ನುಗಳಿದ್ದವು. ಗೋಡೆಯ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ಮಾತ್ರ ತಂತಿಯೇ ಇರಲಿಲ್ಲ. ಉಕ್ಕಿನ ಮೈಯ ಯಂತ್ರ, ಒದ್ದೆ ನೆಲ, ಮಗ್ರಿಬ್‌ಗೆ ಮೊದಲು ಒದ್ದೆ ಕಾಲಿನಲ್ಲಿ ಸಾಲುನಿಂತು ಲೋಟ ಹಿಡಿಯುವ ನಮ್ಮ ಮದ್ರಸದ ಮಕ್ಕಳು. ಅದನ್ನು ನೋಡಿದ ಹಿರಿಯರು ಕ್ಷಣಕಾಲ ಮಾತಾಡಲಿಲ್ಲ. ಒಬ್ಬರು, "ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ" ಎಂದರು. "ಅಲ್ಲಾಹನು ಕಾಪಾಡಿದ, ಹಾಜ್ಯಾರೇ. ಇನ್ನು ನಾವು ಕಾಪಾಡಬೇಕು" ಎಂದು ಯುವಕ ಮೆಲ್ಲನೆ ಹೇಳಿದ.

ಎಂಸಿಬಿ ಇದೆಯಲ್ಲ ಎಂದು ಕೇಳಿದವರಿಗೆ ಅವನು ಲೆಕ್ಕ ಮಾಡಿ ತೋರಿಸಿದ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ, ಅರ್ಥಿಂಗ್ ಗುಂಡಿಯ ರೋಧ 20 ಓಮ್ ಆಯಿತೆನ್ನೋಣ. 230 ವೋಲ್ಟಿನಲ್ಲಿ ಅದರ ಮೂಲಕ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದಕ್ಕೆ ಕದಲುವುದಿಲ್ಲ, ಯಂತ್ರದ ಮೈಯಲ್ಲಿ ವಿದ್ಯುತ್ ನಿಂತೇ ಇರುತ್ತದೆ. ಎಂಸಿಬಿ ಇರುವುದು ತಂತಿ ಸುಡದಂತೆ ಕಾಯಲು. ಮನುಷ್ಯನನ್ನು ಕಾಯಲು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು. 6 ಆಂಪಿಯರಿನ ಎಂಸಿಬಿಯೇ ಆದರೂ ಅದರ ಅಂಕಿ ಇದರ ಇನ್ನೂರು ಪಟ್ಟು ದೊಡ್ಡದು. ಮುಂದಿನ ಜುಮಾದೊಳಗೆ ಪರವಾನಗಿಯಿರುವ ಗುತ್ತಿಗೆದಾರರ ಮೂಲಕ ಅರ್ಥಿಂಗ್ ತಂತಿ ಎಳೆದು, ಆರ್‌ಸಿಸಿಬಿ ಕೂರಿಸಲಾಯಿತು. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಹೊಣೆ ಮುಅಝ್ಝಿನರದ್ದಾಯಿತು. ಓದುಗರಲ್ಲಿ ನಮ್ಮ ವಿನಂತಿಯಿದು. ಈ ಲೇಖನ ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ, ನಿಮ್ಮ ಮೊಹಲ್ಲಾದ ಮಸೀದಿಯ ಡಿಬಿ ಪೆಟ್ಟಿಗೆಯಲ್ಲಿ ಆ ಗುಂಡಿಯಿದೆಯೇ ಎಂದು ನೋಡಿರಿ.

ಈವರೆಗೆ ಹೇಳಿದ್ದು ಸಾಮರ್ಥ್ಯದ ಮಾತು. ನಂಬಿಗಸ್ಥಿಕೆಯ ಪರೀಕ್ಷೆ ಕಾಗದಪತ್ರಗಳಲ್ಲಿ ಬಂದಿತು.

ದುಡಿದ ವರ್ಷಗಳನ್ನು ದಾಖಲೆಯಿಂದ ತೋರಿಸಬೇಕು. ಸಂಬಳದ ಚೀಟಿ, ಬ್ಯಾಂಕಿನ ವಿವರ, ಉದ್ಯೋಗದಾತರ ಪತ್ರ ಬೇಕು. ಸೌದಿಯಲ್ಲಿ ಆರು ವರ್ಷ ಎಲೆಕ್ಟ್ರಿಷಿಯನ್ ಕೆಲಸವನ್ನೇ ಮಾಡಿದ್ದರೂ ಅವನ ಇಖಾಮಾದಲ್ಲಿ ಇದ್ದದ್ದು ಸಾಮಾನ್ಯ ಕಾರ್ಮಿಕ ಎಂದು. ಕೊಲ್ಲಿಯಲ್ಲಿರುವ ನಮ್ಮ ಎಷ್ಟೋ ಮಕ್ಕಳ ಪಾಡು ಇದೇ. ಏಜೆಂಟನೊಬ್ಬ, ಹಣ ಕೊಟ್ಟರೆ ಬೇಕಾದ ಹುದ್ದೆ, ಬೇಕಾದ ವರ್ಷ ಬರೆದ ಪತ್ರ ಸಿಗುತ್ತದೆಂದು ದಾರಿ ತೋರಿಸಿದ. ಯುವಕ ಆ ದಾರಿ ಹಿಡಿಯಲಿಲ್ಲ. ಸತ್ಯಕ್ಕೆ ಸಾಕ್ಷಿ ಕಲೆಹಾಕಲು ಅವನಿಗೆ ಏಳು ತಿಂಗಳು ಹಿಡಿಯಿತು. ಸಂಬಳ ಜಮೆಯಾದ ಬ್ಯಾಂಕ್ ವಿವರ, ಕೆಲಸದ ದಿನಚರಿ ಹಾಳೆಗಳು, ಫೋನಿನಲ್ಲಿ ಉಳಿದಿದ್ದ ಪ್ಯಾನೆಲ್‌ಗಳ ಚಿತ್ರಗಳು, ಅವನು ಏನೇನು ಮಾಡುತ್ತಿದ್ದನೆಂದು ಅಲ್ಲಿನ ಮೇಲ್ವಿಚಾರಕರು ವಿವರಿಸಿ ಬರೆದ ಪತ್ರ, ಹೀಗೆ ಒಂದೊಂದಾಗಿ ಕೂಡಿಬಂದವು.

ಏಜೆಂಟನಿಗೆ ಇಲ್ಲವೆನ್ನುವುದು ಸುಲಭವಾಗಿತ್ತು. ಪ್ರೀತಿಗೆ ಇಲ್ಲವೆನ್ನುವುದು ಸುಲಭವಾಗಿರಲಿಲ್ಲ. ಅವನಿಗೆ ಮೊದಲು ಕೆಲಸ ಕಲಿಸಿದ ಊರಿನ ಗುತ್ತಿಗೆದಾರರು ವಯೋವೃದ್ಧರು. ಕನ್ನಡದಲ್ಲಿಯೇ ಪತ್ರ ಕೊಡುತ್ತೇನೆ, ನೀವು ಚೆಂದವಾಗಿ ಬರೆದುಕೊಡಿ ಎಂದು ನಮ್ಮನ್ನು ಕರೆಸಿದರು. ಅದನ್ನು ಆಮೇಲೆ ಇಂಗ್ಲಿಷಿಗೆ ಅನುವಾದಿಸಿ ಸಲ್ಲಿಸುವುದೆಂದು ತೀರ್ಮಾನವಾಗಿತ್ತು. ಎಷ್ಟು ವರ್ಷ ಎಂದು ಬರೆಯುವ ಹೊತ್ತಿಗೆ ಅವರು, "ಐದು ವರ್ಷ ಅಂತ ಹಾಕಿ ಉಸ್ತಾದರೇ. ನನ್ನ ಮಗನ ಹಾಗೆ ಇದ್ದವನು. ಬರೆದರೆ ಯಾರಿಗೆ ಏನು ನಷ್ಟ?" ಎಂದರು. ಲೇಖನಿ ನಮ್ಮ ಕೈಯಲ್ಲಿತ್ತು. ಸಾಲದ ವ್ಯವಹಾರವನ್ನು ಕುರಿತ ಕುರ್‌ಆನಿನ ಸುದೀರ್ಘ ಸೂಕ್ತವು ಬರಹಗಾರನನ್ನೂ ಬಿಡದೆ, ಅವನು ನ್ಯಾಯವಾಗಿ ಬರೆಯಬೇಕೆಂದು ಆಜ್ಞಾಪಿಸುತ್ತದೆ. ನಾವು ಬಾಯಿ ತೆರೆಯುವ ಮೊದಲೇ ಯುವಕ, "ಬೇಡ ಅಣ್ಣ, ಎರಡು ವರ್ಷ ನಾಲ್ಕು ತಿಂಗಳು. ಅಷ್ಟೇ ಇರಲಿ" ಎಂದ. ಅಷ್ಟನ್ನೇ ಬರೆದೆವು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು ರುಜು ಹಾಕಿದರು.

ಯಾರಿಗೆ ಏನು ನಷ್ಟ ಎಂಬ ಪ್ರಶ್ನೆಗೆ ಉತ್ತರವಿದೆ. ಐದು ವರ್ಷ ಪಳಗಿದ ಕೈಯೆಂದು ನಂಬಿ ತನ್ನ ಮನೆಯ ಗೋಡೆಯೊಳಗೆ ತಂತಿ ಎಳೆಸಿಕೊಳ್ಳುವ, ಇವನ ಹೆಸರೂ ತಿಳಿಯದ ಒಂದು ಕುಟುಂಬಕ್ಕೆ ನಷ್ಟ. ಗೋಡೆಗೆ ಸಾರಣೆಯಾದ ಮೇಲೆ ಒಳಗಿನ ಕೆಲಸ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಅದು ಅಲ್ಲಾಹನಿಗೂ ಕೆಲಸ ಮಾಡಿದವನಿಗೂ ಮಾತ್ರ ತಿಳಿದಿರುತ್ತದೆ. ಸುಳ್ಳು ಸಾಕ್ಷ್ಯವನ್ನು ಪ್ರವಾದಿವರ್ಯರು(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ವೈದ್ಯ ತಿಳಿಯದೆ ವೈದ್ಯ ಮಾಡಿದವನು ಅದರ ಹಾನಿಗೆ ಹೊಣೆಗಾರನೆಂಬ ಆಶಯದ ಹದೀಸನ್ನು ಅಬೂದಾವೂದ್ ಮತ್ತಿತರರು ವರದಿ ಮಾಡಿದ್ದಾರೆ. ವೈದ್ಯನಿಗೆ ಅನ್ವಯಿಸುವ ಆ ನ್ಯಾಯ ಜೀವದೊಡನೆ ವ್ಯವಹರಿಸುವ ಪ್ರತಿಯೊಂದು ಕಸುಬಿಗೂ ಸಲ್ಲುತ್ತದೆ.

ಕಸುಬಿನವರನ್ನು ಪರೀಕ್ಷಿಸುವುದು ಪಾಶ್ಚಾತ್ಯರು ನಮ್ಮ ಮೇಲೆ ಹೇರಿದ ಹೊಸ ತೊಡಕೆಂದು ಭಾವಿಸುವವರು ಬಗ್ದಾದಿನ ಚರಿತ್ರೆಯನ್ನು ನೋಡಬೇಕು. ಕ್ರಿ.ಶ. 931ರಲ್ಲಿ ವೈದ್ಯನೊಬ್ಬನ ತಪ್ಪಿನಿಂದ ಒಬ್ಬಾತ ಮೃತಪಟ್ಟ ಸುದ್ದಿ ತಿಳಿದು, ಖಲೀಫ ಅಲ್‌ಮುಕ್ತದಿರ್ ಅವರು ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಾರೂ ವೈದ್ಯ ಮಾಡಕೂಡದೆಂದು ಆಜ್ಞೆ ಹೊರಡಿಸಿದರು. ಪರೀಕ್ಷಕರಾಗಿ ನೇಮಕಗೊಂಡವರು ಪ್ರಸಿದ್ಧ ವೈದ್ಯ ಸಿನಾನ್ ಇಬ್ನ್ ಸಾಬಿತ್. ಬಗ್ದಾದಿನಲ್ಲಿ ಪರೀಕ್ಷೆಗೊಳಗಾದವರು 860ಕ್ಕೂ ಹೆಚ್ಚು ಎಂದು ಚರಿತ್ರಕಾರರು ದಾಖಲಿಸಿದ್ದಾರೆ. ನಮ್ಮ ಪೂರ್ವಜರ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯಿದ್ದು, ತೂಕ ಅಳತೆಗಳ ಜೊತೆಗೆ ಕುಶಲಕರ್ಮಿಗಳ ಕೆಲಸವನ್ನೂ ನೋಡುತ್ತಿದ್ದ. ಪರೀಕ್ಷೆಯೆಂಬುದು ನಮ್ಮ ಪರಂಪರೆಗೆ ಪರಕೀಯವಲ್ಲ.

ಕಸುಬಿನ ಕುರಿತು ಕೀಳರಿಮೆಯೂ ನಮಗೆ ಸಲ್ಲದು. ಪ್ರವಾದಿ ಝಕರಿಯ್ಯಾ(ಅ) ಬಡಗಿಯಾಗಿದ್ದರು. ಪ್ರವಾದಿ ದಾವೂದ್(ಅ) ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರು. ಅವರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟ ಅಲ್ಲಾಹನು, ಕವಚದ ಕೊಂಡಿಗಳನ್ನು ಅಳತೆ ತಪ್ಪದಂತೆ ಜೋಡಿಸಬೇಕೆಂದು ಕೂಡ ಕಲಿಸಿದ ಸಂಗತಿ ಸಬಾ ಅಧ್ಯಾಯದಲ್ಲಿದೆ. ಪ್ರವಾದಿಯೊಬ್ಬರಿಗೇ ಕೊಂಡಿಯ ಅಳತೆಯ ಆದೇಶ ಬಂದಿರುವಾಗ, ಸ್ಕ್ರೂ ಬಿಗಿಯಾಗಿದೆಯೇ ಎಂದು ಎರಡನೆಯ ಸಲ ನೋಡುವುದನ್ನು ನಮ್ಮ ಮಕ್ಕಳು ಚಿಲ್ಲರೆ ಕೆಲಸವೆಂದು ತಿಳಿಯಬಾರದು.

ಸಂದರ್ಶನವೂ ಪ್ರಾಯೋಗಿಕವೂ ಮುಗಿದು, ಅಲ್‌ಹಮ್ದುಲಿಲ್ಲಾಹ್, ಅವನು ತೇರ್ಗಡೆಯಾದ. ಕೈಗೆ ಸಿಕ್ಕಿದ್ದು ಕೌಶಲವನ್ನು ದೃಢಪಡಿಸುವ ದಾಖಲೆ, ಪೂರ್ಣ ಪರವಾನಗಿಯಲ್ಲ. ಆಸ್ಟ್ರೇಲಿಯದಲ್ಲಿ ಪರವಾನಗಿಯಿಲ್ಲದವನು ತನ್ನ ಸ್ವಂತ ಮನೆಯ ಸಾಕೆಟ್ಟನ್ನು ಬದಲಾಯಿಸುವುದೂ ಕಾನೂನುಬಾಹಿರ. ಅಲ್ಲಿಗೆ ಹೋಗಿ ತಾತ್ಕಾಲಿಕ ಪರವಾನಗಿ ಪಡೆದು, ಪರವಾನಗಿದಾರರ ಮೇಲ್ವಿಚಾರಣೆಯಲ್ಲಿ ದುಡಿದು, ಅಲ್ಲಿನ ನಿಯಮಗಳ ತರಬೇತಿ ಮುಗಿಸಿದ ಮೇಲೆ ಆಯಾ ರಾಜ್ಯ ಪೂರ್ಣ ಪರವಾನಗಿ ಕೊಡುತ್ತದೆ. ಇದನ್ನು ಕೇಳಿ ಅವನ ತಾಯಿ, "ಇಷ್ಟು ಕಲಿತ ಮೇಲೆ ಮತ್ತೆ ಕಲಿಯಲಿಕ್ಕೆ ಉಂಟಾ?" ಎಂದು ಬೇಸರಿಸಿದರು. ವರ್ಷಗಟ್ಟಲೆ ಕಿತಾಬ್ ಓದಿದವನೂ ಗುರುವಿನ ಮುಂದೆ ಓದಿ ಇಜಾಝತ್ ಪಡೆಯುವವರೆಗೆ ಕಲಿಸಲು ಕೂರುವುದಿಲ್ಲವೆಂದು ನಾವು ಸಮಾಧಾನ ಹೇಳಿದೆವು.

ವಿದೇಶದ ಕನಸು ಹೊತ್ತ ಮಕ್ಕಳಿರುವ ಕುಟುಂಬಗಳಿಗೆ ಕೆಲವು ಮಾತುಗಳು. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಸಂಬಳವನ್ನು ಬ್ಯಾಂಕಿನ ಮೂಲಕ ಪಡೆಯಲು ಹೇಳಿರಿ, ನೇಮಕಾತಿ ಪತ್ರ ಮತ್ತು ಚೀಟಿಗಳನ್ನು ಜೋಪಾನವಾಗಿಡಿರಿ. ಇಖಾಮಾದಲ್ಲಿ ನಿಜವಾದ ಕಸುಬನ್ನು ನಮೂದಿಸಲು ಆರಂಭದಲ್ಲಿಯೇ ಕೇಳಿಕೊಳ್ಳಲಿ. ಕೊಲ್ಲಿಗೆ ಹೋಗುವವರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಏಜೆನ್ಸಿಯ ನೋಂದಣಿಯನ್ನು ನೋಡಿಕೊಳ್ಳಲಿ. ಆಸ್ಟ್ರೇಲಿಯದ ನೋಂದಾಯಿತ ವಲಸೆ ಏಜೆಂಟರ ಪಟ್ಟಿಯೂ ಸಾರ್ವಜನಿಕವಾಗಿಯೇ ಇದೆ. ಶುಲ್ಕಕ್ಕಾಗಿ ಬಡ್ಡಿಯ ಸಾಲಕ್ಕೆ ಕೈಚಾಚುವ ಮೊದಲು ಮನೆಯವರೆಲ್ಲ ಕುಳಿತು ಸಮಾಲೋಚಿಸಿರಿ, ಇಸ್ತಿಖಾರಾ ನಮಾಝ್ ನಿರ್ವಹಿಸಿರಿ. ಒಂಟೆಯನ್ನು ಕಟ್ಟಿ, ಆ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಭ್ಯಾಸವಿಲ್ಲದ ತವಕ್ಕುಲ್ ಬಿಚ್ಚಿಬಿಟ್ಟ ಒಂಟೆಯಂತೆ. ದುಆ ಇಲ್ಲದ ಅಭ್ಯಾಸ ಅಹಂಕಾರದತ್ತ ಒಯ್ಯುತ್ತದೆ.

ಅಪರಿಚಿತ ದೇಶದ ಅಪರಿಚಿತ ಮನೆಯಲ್ಲಿ ರಾತ್ರಿ ಮಕ್ಕಳು ನಿಶ್ಚಿಂತೆಯಿಂದ ಮಲಗಿರುವಾಗ, ಆ ಗೋಡೆಯೊಳಗಿನ ತಂತಿಯನ್ನು ಎಳೆದ ಕೈ ಒಬ್ಬ ಸತ್ಯವಿಶ್ವಾಸಿಯದ್ದಾಗಿದ್ದರೆ, ಅವನ ಹೆಸರನ್ನು ಅಲ್ಲಿ ಯಾರೂ ಅರಿಯದಿದ್ದರೂ ಅಲ್ಲಾಹನು ಅರಿಯುವನು. ಅವನು ನಮ್ಮ ಮಕ್ಕಳ ಕೈಗಳಿಗೆ ಸಾಮರ್ಥ್ಯವನ್ನೂ ಹೃದಯಗಳಿಗೆ ಅಮಾನತ್ತನ್ನೂ ಕರುಣಿಸಲಿ, ಅವರ ದುಡಿಮೆಯನ್ನು ಹಲಾಲ್ ಮಾಡಿ ಅದರಲ್ಲಿ ಬರಕತ್ ನೀಡಲಿ, ದೂರದಲ್ಲಿರುವವರನ್ನು ಸುರಕ್ಷಿತವಾಗಿ ಮನೆಗಳಿಗೆ ಮರಳಿಸಲಿ. ಆಮೀನ್.